ಶಿಲೀಂಧ್ರಕ್ಕೆ ಹೊಸ ಮದ್ದು: ಆಸ್ಪತ್ರೆ ತಲುಪುವ ಮುನ್ನವೇ ಹೊಲದಲ್ಲಿ ಸೋಲುವುದೇ?

2021ರಲ್ಲಿ ಕೋವಿಡ್ ಬೆನ್ನಲ್ಲೇ ಕಾಡಿದ ಬ್ಲ್ಯಾಕ್ ಫಂಗಸ್, ಶಿಲೀಂಧ್ರ ಸೋಂಕಿಗೆ ಔಷಧಗಳು ಎಷ್ಟು ವಿರಳ ಎಂಬುದನ್ನು ತೋರಿಸಿತ್ತು. ಶಿಲೀಂಧ್ರದ ಜೀವಕೋಶ ಮನುಷ್ಯನದನ್ನೇ ಬಹಳಷ್ಟು ಹೋಲುತ್ತದೆ. ಅದನ್ನು ಕೊಲ್ಲುವ ಮದ್ದು ರೋಗಿಗೂ ವಿಷವಾದೀತು. ಹೀಗಾಗಿ ಮನುಷ್ಯನಲ್ಲಿ ಇಲ್ಲದ ಅಥವಾ ಭಿನ್ನವಾಗಿರುವ ಕಿಣ್ವಗಳಿಗಾಗಿ ವಿಜ್ಞಾನಿಗಳು ಹುಡುಕುತ್ತಿದ್ದಾರೆ.

ಒಲೊರೊಫಿಮ್ ಎಂಬ ಹೊಸ ಔಷಧ, ಡಿಎನ್‌ಎ ತಯಾರಿಕೆಗೆ ಬೇಕಾದ ಡಿಎಚ್‌ಒಡಿಎಚ್ ಕಿಣ್ವವನ್ನು ತಡೆದು ಶ್ವಾಸಕೋಶಕ್ಕೆ ತಗಲುವ ಆಸ್ಪರ್ಜಿಲಸ್ ಶಿಲೀಂಧ್ರವನ್ನು ಮಣಿಸುತ್ತದೆ. ಆದರೆ ಬೆಳೆಗೆ ಸಿಂಪಡಿಸುವ ಇಪ್‌ಫ್ಲುಫೆನೊಕ್ವಿನ್ ಗುರಿಯೂ ಇದೇ ಕಿಣ್ವ. ಆಸ್ಪರ್ಜಿಲಸ್ ಮಣ್ಣಿನಲ್ಲೂ ಬದುಕುತ್ತದೆ. ಅಲ್ಲಿ ಪ್ರತಿರೋಧ ಗಳಿಸಿದರೆ ಆಸ್ಪತ್ರೆಯ ಮದ್ದೂ ನಾಟದು. ಹಳೆಯ ಅಜೋಲ್ ಔಷಧಗಳಿಗೆ ಈಗಾಗಲೇ ಈ ಪೆಟ್ಟು ಬಿದ್ದಿದೆ. ಕಿಣ್ವ ಹುಡುಕಿದರಷ್ಟೇ ಸಾಲದು. ಕೃಷಿ ಮತ್ತು ಆರೋಗ್ಯ ನಿಯಂತ್ರಕರು ಒಟ್ಟಾಗಿ ಅದನ್ನು ಕಾಯಬೇಕು.