ಹೊಸ ಕಾರು, ಹಳೆಯ ಘಟ್ಟ

ಅಡಿಕೆಗೆ ಒಳ್ಳೆಯ ಧಾರಣೆ ಬಂದ ವರ್ಷ ಮಲೆನಾಡಿನ ಮನೆಗಳ ಅಂಗಳ ಬದಲಾಗುತ್ತದೆ. ಹಂಚಿನ ಮಾಡು ಇಳಿದು ತಾರಸಿ ಏರುತ್ತದೆ. ಕೊಟ್ಟಿಗೆಯ ಪಕ್ಕದಲ್ಲಿ ಜೀಪು ನಿಲ್ಲುತ್ತಿದ್ದ ಜಾಗಕ್ಕೆ ಕಾರು ಬರುತ್ತದೆ. ಈಚಿನ ವರ್ಷಗಳಲ್ಲಿ ಹೀಗೆ ಬರುತ್ತಿರುವ ಕಾರುಗಳಲ್ಲಿ ಕೆಲವು ಬೇರೆಯೇ ಜಾತಿಯವು. ಅವುಗಳ ಹೊಟ್ಟೆ ನೆಲಕ್ಕೆ ತಾಗುವಷ್ಟು ತಗ್ಗು, ಚಕ್ರ ಅಗಲ, ದೀಪ ಕಣ್ಣು ಕುಕ್ಕುವಷ್ಟು ಬಿಳಿ. ಕಾರು ಕಾಣುವ ಮೊದಲೇ ಅದರ ಸದ್ದು ಕೇಳುತ್ತದೆ. ಆ ಸದ್ದಿಗೆ ಊರ ಹಿರಿಯರು ಬೈಯುತ್ತಾರೆ. ಹುಡುಗರು ದಣಪೆಯವರೆಗೆ ಓಡಿಬಂದು ನೋಡುತ್ತಾರೆ. ಬೈಗುಳ ಮತ್ತು ಬೆರಗುಗಳ ನಡುವೆ ಕೇಳಲೇಬೇಕಾದ ಪ್ರಶ್ನೆಯೊಂದು ಉಳಿದುಬಿಡುತ್ತದೆ: ಈ ಕಾರನ್ನು ಯಾವ ದಾರಿಗೆಂದು ಮಾರ್ಪಡಿಸಲಾಗಿದೆ?

ಇಪ್ಪತ್ನಾಲ್ಕರ ಆಸುಪಾಸಿನ ಯುವಕನೊಬ್ಬನನ್ನು ಕಲ್ಪಿಸಿಕೊಳ್ಳಬಹುದು. ಅಂಥವನು ತೀರ್ಥಹಳ್ಳಿಯಲ್ಲೂ ಇದ್ದಾನೆ, ಶಿರಸಿಯಲ್ಲೂ ಇದ್ದಾನೆ, ಮೂಡಿಗೆರೆಯಲ್ಲೂ ಇದ್ದಾನೆ. ಎರಡು ಬಾಗಿಲಿನ ನಿಜವಾದ ಸ್ಪೋರ್ಟ್ಸ್ ಕಾರು ಅವನ ಕೈಗೆಟುಕುವುದಿಲ್ಲ. ಆದ್ದರಿಂದ ಅದಕ್ಕೆ ಹತ್ತಿರದ್ದನ್ನು ಹುಡುಕುತ್ತಾನೆ. 2013ರಲ್ಲಿ ಭಾರತದ ಮಾರುಕಟ್ಟೆಗೆ ಬಂದ, 1.2 ಲೀಟರ್ ಟರ್ಬೊ ಎಂಜಿನ್ನಿನ, 105 ಅಶ್ವಶಕ್ತಿಯ ಪೋಲೊ ಜಿ.ಟಿ.ಯಂಥ ಸಣ್ಣ ಕಾರು ಅವನ ಕನಸಿಗೆ ಒದಗುತ್ತದೆ. ಪೋಲೊ ತಯಾರಿಕೆ ಭಾರತದಲ್ಲಿ 2022ರಲ್ಲಿ ನಿಂತಿತು. ಆದರೆ ಹಳೆಯ ಕಾರುಗಳ ಸಂತೆಯಲ್ಲಿ ಅದರ ಆಕರ್ಷಣೆ ಕುಂದಿಲ್ಲ. ಬೆಂಗಳೂರಿನ ಮೂರು ವರ್ಷದ ಸಂಬಳದ ಉಳಿತಾಯ, ಅಪ್ಪಯ್ಯನಿಂದ ಪಡೆದ ಒಂದಿಷ್ಟು ಅಡಿಕೆ ದುಡ್ಡು, ಮಿಕ್ಕಿದ್ದು ಸಾಲ. ಕಾರು ಮನೆಗೆ ಬರುತ್ತದೆ. ಅಲ್ಲಿಂದ ಮುಂದೆ ಮಾರ್ಪಾಡು ಸಾಮಾನ್ಯವಾಗಿ ಒಂದೇ ಕ್ರಮದಲ್ಲಿ ಸಾಗುತ್ತದೆ. ಮೊದಲು ಸೈಲೆನ್ಸರ್ ಬದಲು. ಆಮೇಲೆ ಎಂಜಿನ್ನನ್ನು ನಿಯಂತ್ರಿಸುವ ಕಂಪ್ಯೂಟರಿನ ಲೆಕ್ಕ ತಿದ್ದಿ ಹೆಚ್ಚಿನ ಶಕ್ತಿ. ಆಮೇಲೆ ಗಿಡ್ಡ ಸ್ಪ್ರಿಂಗು, ಅಲಾಯ್ ಚಕ್ರ, ಬಿಳಿ ದೀಪ. ಬ್ರೇಕಿನ ಸರದಿ ಕೊನೆಗೆ ಬರುತ್ತದೆ. ಅಷ್ಟರಲ್ಲಿ ದುಡ್ಡು ಮುಗಿದಿರುತ್ತದೆ.

ಇದನ್ನು ಹಣವಿದ್ದವರ ಮಕ್ಕಳ ಹುಚ್ಚೆಂದು ತಳ್ಳಿಹಾಕುವುದು ಸುಲಭ, ಆದರೆ ನ್ಯಾಯವಲ್ಲ. ಯಂತ್ರವನ್ನು ಬಿಚ್ಚಿ, ಅದರ ಒಳಗನ್ನು ಅರಿತು, ತನ್ನ ಅಗತ್ಯಕ್ಕೆ ತಕ್ಕಂತೆ ತಿದ್ದುವುದು ಮಲೆನಾಡು ಮತ್ತು ಕರಾವಳಿಯ ಕೃಷಿಕರಿಗೆ ಹೊಸತೇನಲ್ಲ. ಬಂಟ್ವಾಳ ತಾಲ್ಲೂಕಿನ ಸಜಿಪಮೂಡದ ಕೃಷಿಕ ಗಣಪತಿ ಭಟ್ಟರು ಸಣ್ಣ ಎಂಜಿನ್ನೊಂದಕ್ಕೆ ಆಸನ ಮತ್ತು ಹಿಡಿತದ ಚಕ್ರಗಳನ್ನು ಜೋಡಿಸಿ ಅಡಿಕೆ ಮರ ಏರುವ ಬೈಕನ್ನೇ ರೂಪಿಸಿದರು. 2019ರಲ್ಲಿ ಅದು ದೇಶದ ಗಮನ ಸೆಳೆಯಿತು. ಅದೂ ಮಾರ್ಪಾಡೇ. ಮರ ಏರುವ ಆಳು ಸಿಗದ ತೋಟ, ಕೊಳೆರೋಗಕ್ಕೆ ಬೋರ್ಡೊ ದ್ರಾವಣ ಸಿಂಪಡಿಸಲೇಬೇಕಾದ ಮಳೆಗಾಲ, ಇವೆರಡನ್ನೂ ಕಣ್ಣಮುಂದಿಟ್ಟುಕೊಂಡು ಮಾಡಿದ ಮಾರ್ಪಾಡು. ಕಾರಿನ ಯುವಕನಲ್ಲಿ ಕೊರತೆಯಾಗಿರುವುದು ಪ್ರತಿಭೆಯಲ್ಲ. ಅವನು ನೆಲವನ್ನು ನೋಡದೆ ಯಂತ್ರವನ್ನು ಮಾತ್ರ ನೋಡಿದ್ದಾನೆ.

ನೆಲ ಏನು ಹೇಳುತ್ತದೆ? ಆಗುಂಬೆ ಘಟ್ಟದ ಉದಾಹರಣೆ ಸಾಕು. ವರ್ಷಕ್ಕೆ ಸುಮಾರು 7,000 ಮಿಲಿಮೀಟರ್ ಮಳೆ ಸುರಿಯುವ ಸೀಮೆ. ಒಂದರ ಮೇಲೊಂದು ಹೇರ್‌ಪಿನ್ ತಿರುವುಗಳು. ತಿರುವಿನಲ್ಲಿ ಕಾರು ಹೋಗಬಲ್ಲ ಗರಿಷ್ಠ ವೇಗವನ್ನು ನಿರ್ಧರಿಸುವುದು ಅಶ್ವಶಕ್ತಿಯಲ್ಲ. ತಿರುವಿನ ತ್ರಿಜ್ಯ, ಹಾಗೂ ಟಯರು ಮತ್ತು ಡಾಂಬರಿನ ನಡುವಿನ ಹಿಡಿತ. ಪದವಿಪೂರ್ವ ತರಗತಿಯ ಭೌತಶಾಸ್ತ್ರದ ಸೂತ್ರವನ್ನು ಅನ್ವಯಿಸಿ ನೋಡಬಹುದು. 15 ಮೀಟರ್ ತ್ರಿಜ್ಯದ ಸಮತಟ್ಟಾದ ತಿರುವಿನಲ್ಲಿ, ಒಣ ರಸ್ತೆಯ ಘರ್ಷಣಾಂಕವನ್ನು 0.7 ಎಂದು ಹಿಡಿದರೆ, ಗಂಟೆಗೆ ಸುಮಾರು 36 ಕಿಲೋಮೀಟರ್ ವೇಗಕ್ಕೆ ಟಯರು ಜಾರತೊಡಗುತ್ತದೆ. ಒದ್ದೆ ರಸ್ತೆಗೆ 0.4 ಎಂದು ಹಿಡಿದರೆ 28 ಕಿಲೋಮೀಟರಿಗೇ ಜಾರುತ್ತದೆ. ಪಾಚಿ ಕಟ್ಟಿದ್ದರೆ, ತರಗೆಲೆ ಕೊಳೆತು ಹರಡಿದ್ದರೆ ಇನ್ನೂ ಮೊದಲೇ. ಈ ಲೆಕ್ಕದಲ್ಲಿ ಎಂಜಿನ್ನಿನ ಶಕ್ತಿಗೆ ಸ್ಥಾನವೇ ಇಲ್ಲ. 105 ಇದ್ದದ್ದು 140 ಆದರೂ ಆ ತಿರುವಿನ ಮಿತಿ ಒಂದು ಕಿಲೋಮೀಟರಿನಷ್ಟೂ ಏರುವುದಿಲ್ಲ. ಏರುವುದು ಎರಡು ತಿರುವುಗಳ ನಡುವಿನ ಸಣ್ಣ ನೇರದಾರಿಯ ವೇಗ ಮಾತ್ರ. ಅಂದರೆ ಮುಂದಿನ ತಿರುವಿಗೆ ತಲುಪುವ ಹೊತ್ತಿಗೆ ಕಳೆದುಕೊಳ್ಳಲೇಬೇಕಾದ ವೇಗ.

ನಿಲ್ಲಿಸುವ ಲೆಕ್ಕ ಇದಕ್ಕಿಂತ ಕಠಿಣ. ಅದೇ ಒದ್ದೆ ರಸ್ತೆಯಲ್ಲಿ ಗಂಟೆಗೆ 40 ಕಿಲೋಮೀಟರ್ ವೇಗದ ಕಾರು, ಚಾಲಕನಿಗೆ ಅರಿವಾಗುವ ಒಂದು ಸೆಕೆಂಡನ್ನೂ ಸೇರಿಸಿ, ಸುಮಾರು 27 ಮೀಟರಿನಲ್ಲಿ ನಿಲ್ಲುತ್ತದೆ. 60ರಲ್ಲಿ ಅದಕ್ಕೆ 52 ಮೀಟರ್ ಬೇಕು. ವೇಗ ಒಂದೂವರೆ ಪಟ್ಟಾದರೆ ದೂರ ಸರಿಸುಮಾರು ಎರಡು ಪಟ್ಟು. ಇಳಿಜಾರಿನಲ್ಲಿ ಇನ್ನೂ ಹೆಚ್ಚು. ಘಟ್ಟದ ತಿರುವಿನಾಚೆ ಅಷ್ಟು ದೂರ ಕಣ್ಣಿಗೆ ಕಾಣುವುದೇ ಇಲ್ಲ. ಅಲ್ಲಿ ಸೊಪ್ಪಿನ ಹೊರೆ ಹೊತ್ತ ಹೆಂಗಸಿರಬಹುದು, ಶಾಲೆ ಬಿಟ್ಟ ಮಕ್ಕಳಿರಬಹುದು, ಡಾಂಬರಿನ ಬಿಸುಪಿಗೆ ಬಂದು ಮಲಗಿದ ದನವಿರಬಹುದು.

ಕೃಷಿಯನ್ನು ಬಲ್ಲವರಿಗೆ ಈ ತಪ್ಪು ಪರಿಚಿತವೇ. ಬೆಳೆಯ ಇಳುವರಿಯನ್ನು ನಿರ್ಧರಿಸುವುದು ಹೇರಳವಾಗಿರುವ ಪೋಷಕಾಂಶವಲ್ಲ, ಅತ್ಯಂತ ಕೊರತೆಯಲ್ಲಿರುವ ಪೋಷಕಾಂಶ. ಹತ್ತೊಂಬತ್ತನೆಯ ಶತಮಾನದ ಜರ್ಮನ್ ರಸಾಯನಶಾಸ್ತ್ರಜ್ಞ ಲೀಬಿಗ್‌ನ ಹೆಸರಿನಲ್ಲಿ ಪ್ರಸಿದ್ಧವಾದ ನಿಯಮವಿದು. ಪೊಟ್ಯಾಷ್ ಕೊರತೆಯ ತೋಟಕ್ಕೆ ಯೂರಿಯಾ ಸುರಿದರೆ ಗಿಡ ಹಸಿರಾಗಿ ಕಾಣುತ್ತದೆ. ಕೊನೆ ತುಂಬುವುದಿಲ್ಲ, ರೋಗ ಮಾತ್ರ ಬೇಗ ತಗಲುತ್ತದೆ. ಘಟ್ಟದ ದಾರಿಯಲ್ಲಿ ಕಾರಿಗೆ ಕೊರತೆಯಾಗಿರುವುದು ಶಕ್ತಿಯಲ್ಲ. ಹಿಡಿತ, ಬ್ರೇಕು ಮತ್ತು ಚಾಲಕನ ಅನುಭವ. ಈ ಮೂರನ್ನು ಬಿಟ್ಟು ಶಕ್ತಿಗೆ ಹಣ ಸುರಿಯುವುದು ಯೂರಿಯಾ ಸುರಿದಂತೆಯೇ. ಬ್ರೇಕಿನ ದ್ರವ ಗಾಳಿಯ ತೇವವನ್ನು ಹೀರುತ್ತದೆ. ತೇವ ಸೇರಿದಂತೆ ಅದರ ಕುದಿಯುವ ಬಿಂದು ತಗ್ಗುತ್ತದೆ. ವರ್ಷಗಟ್ಟಲೆ ಬದಲಿಸದ ದ್ರವ, ಉದ್ದಕ್ಕೂ ಬ್ರೇಕನ್ನೇ ಒತ್ತಿಕೊಂಡು ಇಳಿಯುವ ಅಭ್ಯಾಸ, ಇವೆರಡೂ ಕೂಡಿದರೆ ಘಟ್ಟದ ಬುಡ ತಲುಪುವ ಮೊದಲೇ ದ್ರವ ಕುದಿದು ಪೆಡಲು ಹೂತುಹೋಗಬಹುದು. ಏರುವಾಗ ಬಳಸುವ ಗೇರಿನಲ್ಲೇ ಇಳಿಯಬೇಕೆಂದು ಹಳೆಯ ಲಾರಿ ಚಾಲಕರು ಹೇಳುತ್ತಿದ್ದ ಮಾತಿನಲ್ಲಿ ಈ ವಿಜ್ಞಾನವಿತ್ತು.

ಇನ್ನು ಸದ್ದಿನ ವಿಚಾರ. ಕಾರ್ಖಾನೆಯಿಂದ ಹೊರಬರುವ ಕಾರಿಗೆ 2005ರಿಂದ ಜಾರಿಗೆ ಬಂದ ಶಬ್ದಮಿತಿ 74 ಡೆಸಿಬೆಲ್. ಡೆಸಿಬೆಲ್ ಎಂಬುದು ಕೂಡುವ ಲೆಕ್ಕವಲ್ಲ, ಗುಣಿಸುವ ಲೆಕ್ಕ. ಪ್ರತಿ ಹತ್ತಕ್ಕೆ ಶಬ್ದದ ಶಕ್ತಿ ಹತ್ತು ಪಟ್ಟಾಗುತ್ತದೆ. ಸೈಲೆನ್ಸರ್ ಕಳಚಿದ ಕಾರು 100 ಡೆಸಿಬೆಲ್ ಮುಟ್ಟಿದರೆ ಅದು ಸುಮಾರು ನಾನೂರು ಪಟ್ಟು. ಪೇಟೆಯಲ್ಲಿ ಇದು ಕಿರಿಕಿರಿ; ಕಾಡಿನ ಅಂಚಿನಲ್ಲಿ ಅದಕ್ಕೂ ಮಿಗಿಲು. ಮುಂಗಾರಿನ ರಾತ್ರಿ ಗಂಡು ಕಪ್ಪೆ ಹೆಣ್ಣನ್ನು ಕರೆಯುವುದು ಧ್ವನಿಯಿಂದ. ಆ ಕರೆ ಕೇಳಿ ಹೊರಟ ಹೆಣ್ಣು ರಸ್ತೆ ದಾಟಬೇಕು. ಕಣ್ಣು ಕುಕ್ಕುವ ಬೆಳಕಿಗೆ ಅದು ಅಲ್ಲೇ ಕಲ್ಲಾಗಿ ಕೂರುತ್ತದೆ. ಬಂಡೀಪುರದಲ್ಲಿ 2009ರಲ್ಲಿ ರಾತ್ರಿ ಸಂಚಾರ ನಿಷೇಧಿಸಿದಾಗ ಜನರ ಕಣ್ಣಮುಂದೆ ಆನೆ, ಚಿರತೆ, ಜಿಂಕೆಗಳಿದ್ದವು. ಚಕ್ರದಡಿ ಸಾಯುವ ಕಪ್ಪೆಗೆ ಅಂಥ ವಕೀಲರಿಲ್ಲ. ಗದ್ದೆಯ ಕೀಟ ತಿನ್ನುವ ಕೂಲಿಯಿಲ್ಲದ ಆಳು ಅದೆಂಬುದನ್ನು ಮಾತ್ರ ರೈತ ಬಲ್ಲ.

ಸೈಲೆನ್ಸರಿನ ಜೊತೆ ಹಲವೊಮ್ಮೆ ಕೆಟಲಿಟಿಕ್ ಕನ್ವರ್ಟರನ್ನೂ ಕಿತ್ತೆಸೆಯುವುದುಂಟು. ಪ್ಲಾಟಿನಮ್, ಪಲೇಡಿಯಮ್, ರೋಡಿಯಮ್ ಲೇಪಿಸಿದ ಈ ಡಬ್ಬಿ ಹೊಗೆಯೊಳಗಿನ ಇಂಗಾಲದ ಮಾನಾಕ್ಸೈಡ್, ಉರಿಯದೆ ಉಳಿದ ಇಂಧನ ಮತ್ತು ಸಾರಜನಕದ ಆಕ್ಸೈಡುಗಳನ್ನು ನಿರುಪದ್ರವಗೊಳಿಸುತ್ತದೆ. 1995ರಲ್ಲಿ ನಾಲ್ಕು ಮಹಾನಗರಗಳಲ್ಲಿ ಇದನ್ನು ಕಡ್ಡಾಯಗೊಳಿಸುವಾಗಲೇ ಸೀಸರಹಿತ ಪೆಟ್ರೋಲನ್ನೂ ತರಬೇಕಾಯಿತು. ಸೀಸ ತಗಲಿದರೆ ಲೇಪ ಕೆಡುತ್ತದೆ. ದೇಶದ ಎಲ್ಲೆಡೆ ಸೀಸ ಬಿಟ್ಟ ಪೆಟ್ರೋಲ್ ಸಿಗುವಂತಾದದ್ದು 2000ದಲ್ಲಿ. ಇಷ್ಟು ವರ್ಷಗಳ ಪ್ರಯತ್ನವನ್ನು ಗ್ಯಾರೇಜಿನ ಒಂದು ಸಂಜೆಯ ಕೆಲಸ ಅಳಿಸಿಹಾಕುತ್ತದೆ. ಆ ಅನಿಲಗಳು ಬಿಸಿಲಿಗೆ ಸೇರಿ ನೆಲಮಟ್ಟದಲ್ಲಿ ಓಝೋನ್ ಆಗುತ್ತವೆ. ಓಝೋನ್ ಎಲೆಯ ಪತ್ರರಂಧ್ರದೊಳಗೆ ಹೊಕ್ಕು ಬೆಳೆಯನ್ನು ಬಡವಾಗಿಸುತ್ತದೆ.

ಟಯರಿನ ಸವಕಲೂ ಎಲ್ಲಿಗೋ ಹೋಗಿ ಮಾಯವಾಗುವುದಿಲ್ಲ. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಮಳೆ ಬಂದಾಗಲೆಲ್ಲ ಹೊಳೆಗಳಲ್ಲಿ ಕೊಹೊ ಸಾಲ್ಮನ್ ಮೀನುಗಳು ಸಾಯುತ್ತಿದ್ದವು. ಟಯರು ಬಿರಿಯದಿರಲೆಂದು ಸೇರಿಸುವ ರಾಸಾಯನಿಕವು ಓಝೋನಿನೊಡನೆ ವರ್ತಿಸಿ ಹುಟ್ಟುವ ವಿಷವೇ ಕಾರಣವೆಂದು ವಿಜ್ಞಾನಿಗಳು 2020ರಲ್ಲಿ ಪ್ರಕಟಿಸಿದರು. ಎಲ್ಲ ಮೀನುಗಳಿಗೂ ಅದು ಅಷ್ಟೇ ಮಾರಕವಲ್ಲ. ಆದರೆ ರಸ್ತೆಯ ನೀರು ಹೊಳೆಗೆ ಸೇರುತ್ತದೆ ಎಂಬ ಪಾಠ ತುಂಗೆಗೂ ಸೀತೆಗೂ ಅನ್ವಯಿಸುತ್ತದೆ. ತಗ್ಗಿಸಿದ ಕಾರಿನ ತಳ ಹಂಪಿಗೋ ಕಲ್ಲಿಗೋ ಬಡಿದು ಸೋರುವ ಎಂಜಿನ್ ಎಣ್ಣೆಯೂ ಅದೇ ಚರಂಡಿಯ ದಾರಿ ಹಿಡಿಯುತ್ತದೆ.

ಕಾನೂನು ಈ ವಿಚಾರದಲ್ಲಿ ಮೂಕವಾಗಿಲ್ಲ. ತಯಾರಕರ ಮೂಲ ವಿವರಗಳಿಗೆ ಭಿನ್ನವಾಗುವಂತೆ ವಾಹನವನ್ನು ಬದಲಿಸುವಂತಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2019ರ ಜನವರಿಯಲ್ಲಿ ತೀರ್ಪಿತ್ತಿತು. ಅದೇ ವರ್ಷ ತಿದ್ದುಪಡಿಯಾದ ಮೋಟಾರು ವಾಹನ ಕಾಯಿದೆಯ ಪ್ರಕಾರ ಇಂಥ ಪ್ರತಿಯೊಂದು ಬದಲಾವಣೆಗೆ ಮಾಲೀಕನಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಸೆರೆ, ಇಲ್ಲವೇ ಎರಡೂ. ಶಬ್ದ ಮತ್ತು ಹೊಗೆಯ ಮಿತಿ ಮೀರಿದರೆ ದಂಡ 10,000 ರೂಪಾಯಿವರೆಗೆ ಏರಬಹುದು, ಪರವಾನಗಿಯೂ ಮೂರು ತಿಂಗಳು ಅಮಾನ್ಯವಾಗಬಹುದು. ತಿಳಿಸದೆ ಮಾಡಿದ ಬದಲಾವಣೆ ಅಪಘಾತದ ದಿನ ವಿಮೆಯ ಪರಿಹಾರಕ್ಕೂ ತೊಡಕಾಗಬಲ್ಲದು. ಆದರೆ ದಂಡದ ಭಯಕ್ಕಿಂತ ದೊಡ್ಡ ಕಾರಣವೊಂದಿದೆ. 2022ರಲ್ಲಿ ಭಾರತದ ರಸ್ತೆಗಳಲ್ಲಿ 1,68,491 ಜನ ಸತ್ತರು. ಆ ಸಾವುಗಳಲ್ಲಿ ಶೇಕಡಾ 70ಕ್ಕೂ ಹೆಚ್ಚು ಅತಿವೇಗದಿಂದ ಆದವು. ಮಲೆನಾಡಿನ ಒಂಟಿಮನೆಗಳಲ್ಲಿ ಒಬ್ಬ ಮಗ ಹೋದರೆ ತೋಟ ನೋಡುವ ಕೊನೆಯ ಕೈಯೇ ಹೋದಂತೆ. ಸಾಲ ಮಾತ್ರ ಉಳಿಯುತ್ತದೆ.

ಇಷ್ಟು ಹೇಳಿದ ಮೇಲೆ ಇನ್ನೊಂದು ಮಾತನ್ನೂ ಹೇಳಬೇಕು. ಘಟ್ಟವನ್ನು ಹಾಳುಗೆಡವುತ್ತಿರುವವನು ಈ ಯುವಕನೊಬ್ಬನೇ ಅಲ್ಲ. ವಾರಾಂತ್ಯಕ್ಕೆ ನಗರಗಳಿಂದ ಸಾಲುಗಟ್ಟಿ ಬರುವ ವಾಹನಗಳು, ಹೆದ್ದಾರಿ ಅಗಲೀಕರಣಕ್ಕೆ ಕಡಿದ ಗುಡ್ಡಗಳು, ಮಿತಿಮೀರಿ ಹೇರಿಕೊಂಡ ಮರಳಿನ ಲಾರಿಗಳು ಇವುಗಳ ಮುಂದೆ ಒಂದು ಸಣ್ಣ ಕಾರಿನ ಪಾಪ ದೊಡ್ಡದೇನಲ್ಲ. ಕಾರಿನ ಹುಡುಗನನ್ನು ಗದರಿಸಿ, ಕಂತ್ರಾಟುದಾರನಿಗೆ ಕೈಮುಗಿಯುವ ಪರಿಸರಪ್ರೇಮಕ್ಕೆ ಬೆಲೆಯಿಲ್ಲ. ಆದರೆ ಊರಿನ ದಾರಿಯ ಬಗ್ಗೆ ಹೊರಗಿನವರನ್ನು ಪ್ರಶ್ನಿಸುವ ನೈತಿಕ ಹಕ್ಕು ಉಳಿಯಬೇಕಾದರೆ, ಊರಿನವರ ಚಕ್ರ ಮೊದಲು ಹದದಲ್ಲಿರಬೇಕು.

ವೇಗದ ಹಂಬಲಕ್ಕೆ ದಾರಿಯೇ ಇಲ್ಲವೆಂದಲ್ಲ. ಚಿಕ್ಕಮಗಳೂರಿನ ಕಾಫಿ ತೋಟಗಳ ದಾರಿಗಳಲ್ಲಿ ರಾಷ್ಟ್ರಮಟ್ಟದ, ಏಷ್ಯಾ ಪೆಸಿಫಿಕ್ ಮಟ್ಟದ ರ‍್ಯಾಲಿಗಳು ನಡೆದಿವೆ. ಅಲ್ಲಿ ದಾರಿಯನ್ನು ಇತರರಿಗೆ ಮುಚ್ಚಲಾಗುತ್ತದೆ; ಕಾರಿನೊಳಗೆ ಉಕ್ಕಿನ ಪಂಜರ, ಚಾಲಕನಿಗೆ ಹೆಲ್ಮೆಟ್ಟು, ಪಕ್ಕದಲ್ಲಿ ಪ್ರತಿಯೊಂದು ತಿರುವನ್ನೂ ಮೊದಲೇ ನೋಡಿ ಬರೆದುಕೊಂಡು ಓದಿಹೇಳುವ ಜೊತೆಗಾರ, ಕಾದು ನಿಂತ ಆಂಬುಲೆನ್ಸ್. ಅರ್ಜುನ ಪ್ರಶಸ್ತಿ ಪಡೆದ ಮೊದಲ ಮೋಟಾರು ಕ್ರೀಡಾಪಟು ಗೌರವ್ ಗಿಲ್ ಬೆಳೆದದ್ದು ಇಂಥ ಶಿಸ್ತಿನಲ್ಲಿ. ತಮಿಳುನಾಡಿನ ಇರುಂಗಾಟ್ಟುಕೋಟೈ ಮತ್ತು ಕೊಯಮತ್ತೂರಿನಲ್ಲಿ ಓಟದ ಪಥಗಳಿವೆ. ರ‍್ಯಾಲಿಗಳೂ ಕಾಡಿನಿಂದ ದೂರವಿರಬೇಕು, ಮಣ್ಣು ಕೊಚ್ಚಿಹೋಗುವ ಮಳೆಗಾಲವನ್ನು ಬಿಡಬೇಕು ಎಂಬ ಬೇಡಿಕೆ ಸರಿಯಾದದ್ದೇ. ಆದರೆ ವೇಗಕ್ಕೆಂದೇ ಒಂದು ಜಾಗವಿರುವುದು, ಎಲ್ಲರ ದಾರಿಯೂ ಓಟದ ಪಥವಾಗುವುದಕ್ಕಿಂತ ಮೇಲು.

ಮೊದಲ ಕಾರು ಕೊಂಡ ಯುವಕ ಮೊದಲ ದುಡ್ಡನ್ನು ಒಳ್ಳೆಯ ಟಯರಿಗೆ ಹಾಕಲಿ. ಎರಡನೆಯದನ್ನು ಬ್ರೇಕಿನ ಪ್ಯಾಡಿಗೆ, ಹೊಸ ದ್ರವಕ್ಕೆ. ಮೂರನೆಯದನ್ನು ಓಟದ ಪಥದ ಒಂದು ದಿನದ ತರಬೇತಿಗೆ. ಸೈಲೆನ್ಸರು, ಕನ್ವರ್ಟರು, ಸ್ಪ್ರಿಂಗು ಇದ್ದಂತೆಯೇ ಇರಲಿ. ಬಿಚ್ಚಿ ಜೋಡಿಸುವ ಕೈಚಳಕ ಇನ್ನೂ ಉಳಿದಿದ್ದರೆ ತೋಟದಲ್ಲಿ ಕೆಲಸ ಬೇಕಾದಷ್ಟಿದೆ. ಕಾಲೇಜಿನ ವಿದ್ಯಾರ್ಥಿಗಳು ಸಂಚಾರ ವಿರಳವಾದ ಹೊತ್ತಿನಲ್ಲಿ, ಅಧ್ಯಾಪಕರೊಂದಿಗೆ, ತಮ್ಮೂರ ಘಟ್ಟದ ತಿರುವುಗಳ ತ್ರಿಜ್ಯವನ್ನು ಅಳೆದು ಮಳೆಗಾಲದ ಸುರಕ್ಷಿತ ವೇಗವನ್ನು ಲೆಕ್ಕಹಾಕಲಿ. ಜೂನ್ ತಿಂಗಳ ಮುಂಜಾನೆಗಳಲ್ಲಿ ಒಂದು ಕಿಲೋಮೀಟರ್ ದಾರಿ ನಡೆದು ಸತ್ತ ಕಪ್ಪೆ, ಹಾವುಗಳನ್ನು ಎಣಿಸಿ ಬರೆದಿಡಲಿ. ಆ ಎರಡು ಪಟ್ಟಿಗಳನ್ನು ಪಂಚಾಯಿತಿ ಕಚೇರಿಯ ಗೋಡೆಗೂ ಊರಿನ ಗ್ಯಾರೇಜಿನ ಬಾಗಿಲಿಗೂ ಅಂಟಿಸಲಿ. ಕಾರು ಹೊಸದಾಗಿರಬಹುದು. ಘಟ್ಟ ಹಳೆಯದು, ಹೊಂದಿಕೊಳ್ಳಬೇಕಾದದ್ದು ಕಾರೇ.