ತಳಮಿತಿಗೂ ಕಾವಲು ಬೇಕು

ಧರ್ಮಸ್ಥಳ, ಬೆಳ್ತಂಗಡಿ, ಬಂಟ್ವಾಳದ ಕಬಡ್ಡಿ ಹುಡುಗರಿಗೆ ಪ್ರೊ ಕಬಡ್ಡಿ ಹರಾಜು ದೊಡ್ಡ ಆಸೆ. 2023ರಲ್ಲಿ ತಂಡವೊಂದರ ವೆಚ್ಚಮಿತಿ 5 ಕೋಟಿ ರೂಪಾಯಿ. ತೆಲುಗು ಟೈಟನ್ಸ್ 2.605 ಕೋಟಿಯನ್ನು ಪವನ್ ಸೆಹ್ರಾವತ್ ಒಬ್ಬರಿಗೇ ಕೊಟ್ಟಿತು. ಅದೇ ಹರಾಜಿನಲ್ಲಿ ಕೊನೆಯ ‘ಡಿ’ ವರ್ಗದ ಆಟಗಾರರ ಮೂಲಬೆಲೆ 9 ಲಕ್ಷ. ಉಳಿದವರಿಗೂ ನ್ಯಾಯ ಸಿಗಬೇಕಾದರೆ ಗರಿಷ್ಠ ಮಿತಿಯ ಜೊತೆ ಕನಿಷ್ಠ ವೆಚ್ಚದ ತಳಮಿತಿಯೂ ಬೇಕು.

ಆದರೆ ನಿಯಮ ಬಿಗಿಯಾಗಿರಲಿ. ಉತ್ತರ ಅಮೆರಿಕದ ಐಸ್ ಹಾಕಿ ಲೀಗಿನಲ್ಲಿ ಇಂಥ ತಳಮಿತಿ ಇದೆ. 2016ರಲ್ಲಿ ಡೆಟ್ರಾಯಿಟ್ ತಂಡದ ಆಟಗಾರ ಪಾವೆಲ್ ದತ್ಸುಕ್ ಲೀಗ್ ತೊರೆದು ರಷ್ಯಾಕ್ಕೆ ಮರಳುತ್ತಿದ್ದರು. ತಂಡದ ವೆಚ್ಚದಲ್ಲಿ 75 ಲಕ್ಷ ಡಾಲರ್ ಎಂದು ಲೆಕ್ಕಕ್ಕೆ ಬರುವ ಅವರ ಒಪ್ಪಂದವನ್ನು ಡೆಟ್ರಾಯಿಟ್ ವಿನಿಮಯದಲ್ಲಿ ಅರಿಝೋನಾ ತಂಡಕ್ಕೆ ದಾಟಿಸಿತು. ಅರಿಝೋನಾ ಪರ ದತ್ಸುಕ್ ಒಂದು ಪಂದ್ಯವನ್ನೂ ಆಡಲಿಲ್ಲ. ಆ ಒಪ್ಪಂದ ತಂಡದ ತಳಮಿತಿಯ ಲೆಕ್ಕ ತುಂಬಲು ಮಾತ್ರ ನೆರವಾಯಿತು. ಅಂಥ ಕಾಗದದ ಸಂಬಳಕ್ಕೆ ನಮ್ಮ ಲೀಗುಗಳು ಅವಕಾಶ ಕೊಡಬಾರದು. ತಂಡದಲ್ಲಿದ್ದು ದುಡಿಯುವವರ ಕೈಸೇರುವ ಹಣವನ್ನಷ್ಟೇ ಎಣಿಸಲಿ.