ಹೆಬ್ಬೆಟ್ಟು ಅಳಿದವರ ಅಕ್ಕಿ

ಕ್ಯಾನ್ಸರಿನ ಔಷಧವೆಂದರೆ ತಲೆಗೂದಲು ಉದುರುತ್ತದೆ ಎಂಬಷ್ಟನ್ನು ಎಲ್ಲರೂ ಬಲ್ಲರು. ಅಂಗೈ ಅಂಗಾಲುಗಳ ಪಾಡು ಬಲ್ಲವರು ಕಡಿಮೆ. ಕರುಳಿನ ಮತ್ತು ಸ್ತನದ ಕ್ಯಾನ್ಸರಿಗೆ ಕೆಪೆಸಿಟಾಬಿನ್ ಎಂಬ ಮಾತ್ರೆ ಬಳಕೆಯಲ್ಲಿದೆ. ಮನೆಯಲ್ಲೇ ನುಂಗಬಹುದಾದ್ದರಿಂದ ಬಡವರಿಗೆ ಆಸ್ಪತ್ರೆಯ ವಾಸ ತಪ್ಪುತ್ತದೆ. ಅದು ಉಪಕಾರವೇ ಸರಿ. ಆದರೆ ಹಲವರಿಗೆ ಅದರಿಂದ ಅಂಗೈ ಉರಿದು, ಕಪ್ಪಿಟ್ಟು, ಸಿಪ್ಪೆ ಸುಲಿದು ಬಿರಿಯುತ್ತದೆ. ಉಜ್ಜಿದಷ್ಟೂ, ಬಿಸಿ ತಗುಲಿದಷ್ಟೂ ಹೆಚ್ಚುತ್ತದೆ. ಕೈಗೆ ಕೆಲಸ ಕೊಡಬೇಡಿ ಎನ್ನುತ್ತಾರೆ ವೈದ್ಯರು. ಮಗ್ಗ ನಡೆಸುವವನು, ಮೂಟೆ ಹೊರುವವನು, ಬಾಣಲೆಯ ಮುಂದೆ ಕೂತು ಬೋಂಡಾ ಕರಿಯುವ ತಾಯಿ ಈ ಮಾತನ್ನು ಹೇಗೆ ಪಾಲಿಸಬೇಕು?

ಇದಕ್ಕೆ ಸ್ವಲ್ಪ ಪರಿಹಾರವುಂಟು. ದೆಹಲಿಯ ಏಮ್ಸ್ ಆಸ್ಪತ್ರೆಯವರು 264 ರೋಗಿಗಳಲ್ಲಿ ಪರೀಕ್ಷಿಸಿ 2024ರಲ್ಲಿ ಪ್ರಕಟಿಸಿದಂತೆ, ಡೈಕ್ಲೋಫೆನಾಕ್ ಮುಲಾಮು ಹಚ್ಚಿದವರಲ್ಲಿ ಈ ತೊಂದರೆ ಬಲಿತದ್ದು ನೂರಕ್ಕೆ ನಾಲ್ವರಿಗೂ ಕಡಿಮೆ, ಹಚ್ಚದವರಲ್ಲಿ ಹದಿನೈದು. ನಮ್ಮ ಗಿರಣಿಯವರು ಸೊಂಟನೋವಿಗೆ ತಿಕ್ಕಿಕೊಳ್ಳುವ ಮುಲಾಮೇ ಅದು! ವೈದ್ಯರನ್ನು ಕೇಳಿಯೇ ಹಚ್ಚಬೇಕು. ಕೈ ಕೆಟ್ಟಿತೆಂದು ಮುಚ್ಚಿಡುವುದೂ, ತಾವಾಗಿ ಮಾತ್ರೆ ಬಿಡುವುದೂ ಬೇಡ. ತಿಳಿಸಿದರೆ ಪ್ರಮಾಣ ಇಳಿಸುವ ದಾರಿ ವೈದ್ಯರಿಗುಂಟು.

ಈ ಮಾತ್ರೆ ಬೆರಳಿನ ಗೆರೆಗಳನ್ನೂ ಅಳಿಸಬಲ್ಲದು. 2008ರಲ್ಲಿ ಅಮೆರಿಕಕ್ಕೆ ಹೋದ ಸಿಂಗಪುರದ ರೋಗಿಯೊಬ್ಬರನ್ನು, ಬೆರಳಚ್ಚು ಮೂಡಲಿಲ್ಲವೆಂದು ವಿಮಾನ ನಿಲ್ದಾಣದಲ್ಲಿ ನಾಲ್ಕು ಗಂಟೆ ತಡೆದಿಟ್ಟಿದ್ದರು. ನಮ್ಮವರಿಗೆ ಅಮೆರಿಕದ ಪ್ರಯಾಣವಿಲ್ಲ, ನ್ಯಾಯಬೆಲೆ ಅಂಗಡಿಯ ಪ್ರಯಾಣವುಂಟು. ಅಲ್ಲಿಯೂ ಬೆರಳು ಕೇಳುವ ಯಂತ್ರವೇ ಕೂತಿದೆ. ಹಿಂದೆ ಅಕ್ಷರ ಬಾರದವನಿಗೆ ಹೆಬ್ಬೆಟ್ಟಾದರೂ ಇತ್ತು; ಈ ರೋಗಿಗೆ ಅದೂ ಇಲ್ಲ. ಅಂಗಡಿಯವರನ್ನು ನಾವು ದೂರುವುದಿಲ್ಲ. ಲೆಕ್ಕ ತಪ್ಪಿದರೆ ಪರವಾನಗಿ ಹೋಗುತ್ತದೆಂಬ ಭಯ ಅವರದು.

ಬೆರಳಚ್ಚು ಹೊಂದಲಿಲ್ಲವೆಂದು ಯಾರಿಗೂ ಪಡಿತರ ನಿರಾಕರಿಸಬಾರದೆಂದು ಕೇಂದ್ರದ ಆಹಾರ ಇಲಾಖೆ 2017ರ ಅಕ್ಟೋಬರಿನಲ್ಲೇ ರಾಜ್ಯಗಳಿಗೆ ಬರೆದಿದೆ. ಆ ಕಾಗದ ಎಷ್ಟು ಅಂಗಡಿಗಳ ಗೋಡೆ ಏರಿದೆ ಎಂದು ನಾವು ಕೇಳುತ್ತೇವೆ. ಮಾತ್ರೆ ಬರೆಯುವ ಆಸ್ಪತ್ರೆಯೇ, ಈ ರೋಗಿಯ ಬೆರಳಚ್ಚು ಅಳಿಯಬಹುದೆಂದು ಒಂದು ಚೀಟಿ ಕೊಡಲಿ. ಚಿಕಿತ್ಸೆ ನಿಂತ ಮೇಲೆ ಗೆರೆಗಳು ಮರಳಿ ಮೂಡುವುದರಿಂದ ಇದು ಕೆಲವು ತಿಂಗಳ ಮಾತು. ಚೀಟಿ ತೋರಿಸಿದವರಿಗೆ ಪುಸ್ತಕದಲ್ಲಿ ಬರೆದುಕೊಂಡು ಅಕ್ಕಿ ಅಳೆದುಕೊಡುವಂತೆ ತಾಲ್ಲೂಕು ಆಹಾರ ನಿರೀಕ್ಷಕರು ಪ್ರತಿ ಅಂಗಡಿಗೂ ಲಿಖಿತ ಸೂಚನೆ ಕಳಿಸಲಿ, ಮುಂದಿನ ತಿಂಗಳ ಹಂಚಿಕೆಗೆ ಮೊದಲೇ.